ಟಿವ್ ವಂಶಾವಳಿಗೆ ಪಾಯೆಕ್ ಎಷ್ಟು ಒದಗುತ್ತದೆ: ಒಂದು ತಂತ್ರಾಂಶ ವಿಮರ್ಶೆ

ವಂಶವೃಕ್ಷ ಬರೆಯುವ ತಂತ್ರಾಂಶಗಳಿಗೆ ಇಂದು ಕೊರತೆಯಿಲ್ಲ. ಆದರೆ ಅವುಗಳಲ್ಲಿ ಹೆಚ್ಚಿನವು ಕುಟುಂಬವೆಂದರೆ ಏನು ಎಂಬುದನ್ನು ಬಳಸುವವನಿಗಿಂತ ಮೊದಲೇ ತೀರ್ಮಾನಿಸಿಕೊಂಡು ಬಂದಿರುತ್ತವೆ. ಅವು ಹುಟ್ಟಿದ ದಿನಾಂಕ ಕೇಳುತ್ತವೆ, ಮದುವೆಯ ದಾಖಲೆ ಕೇಳುತ್ತವೆ, ಪ್ರತಿಯೊಂದು ಹೆಸರೂ ಒಬ್ಬ ವ್ಯಕ್ತಿಯದೇ ಎಂದು ನಂಬುತ್ತವೆ, ಕೊನೆಗೆ ಎಲ್ಲರೂ ಒಪ್ಪಬೇಕಾದ ಒಂದೇ ಮರವನ್ನು ಕಟ್ಟಿಕೊಡಲು ಹೊರಡುತ್ತವೆ. ನೈಜೀರಿಯದ ಬೆನ್ಯೂ ನದಿಯ ಕಣಿವೆಯಲ್ಲಿ ಬಾಳುವ ಟಿವ್ ಜನರ ವಂಶಾವಳಿಯನ್ನು ಇಂಥ ತಂತ್ರಾಂಶಕ್ಕೆ ತುಂಬಲು ಕುಳಿತವರಿಗೆ ಮೊದಲ ಪುಟದಲ್ಲೇ ತೊಡಕು ಎದುರಾಗುತ್ತದೆ. ಅಲ್ಲಿ ಹೆಸರು ವ್ಯಕ್ತಿಯದೂ ಆಗಿರಬಹುದು, ಒಂದು ಇಡೀ ಗುಂಪಿನದೂ ಆಗಿರಬಹುದು, ಮರವಂತೂ ಸಂದರ್ಭಕ್ಕೆ ತಕ್ಕಂತೆ ಕವಲು ಬದಲಿಸುತ್ತದೆ. ಈ ಕಾರಣಕ್ಕಾಗಿಯೇ ವಂಶವೃಕ್ಷದ ತಂತ್ರಾಂಶಗಳನ್ನು ಬದಿಗಿಟ್ಟು, ಜಾಲಗಳ ವಿಶ್ಲೇಷಣೆಗೆಂದು ಸಿದ್ಧವಾದ ಪಾಯೆಕ್ ಎಂಬ ತಂತ್ರಾಂಶವನ್ನು ಈ ಕೆಲಸಕ್ಕೆ ಹಚ್ಚಿ ನೋಡಿದೆ. ಅದು ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದು ಈ ಬರಹದ ವಿಷಯ.

ಪಾಯೆಕ್ ಸ್ಲೊವೇನಿಯದ ಲುಬ್ಲಿಯಾನಾದಲ್ಲಿ ವ್ಲಾದಿಮಿರ್ ಬಾತಾಗೆಲ್ಯ್ ಮತ್ತು ಆಂದ್ರೆಯ್ ಮೃವಾರ್ 1996ರಿಂದ ಬೆಳೆಸಿಕೊಂಡು ಬಂದಿರುವ ತಂತ್ರಾಂಶ. ವಾಣಿಜ್ಯೇತರ ಬಳಕೆಗೆ ಇದು ಉಚಿತ. ಇದು ವಿಂಡೋಸ್‌ಗಾಗಿ ಬರೆದದ್ದು. ಲಿನಕ್ಸ್ ಅಥವಾ ಮ್ಯಾಕ್ ಇರುವವರು ವೈನ್ ಎಂಬ ಮಧ್ಯವರ್ತಿಯ ಮೂಲಕ ನಡೆಸಬೇಕು. ಲಕ್ಷಗಟ್ಟಲೆ ಶೃಂಗಗಳು, ಅಂದರೆ ಬಿಂದುಗಳು, ಇರುವ ಜಾಲಗಳನ್ನು ಕಣ್ಣ ಮುಂದಿಟ್ಟುಕೊಂಡು ಕಟ್ಟಿದ್ದರಿಂದ ಗಾತ್ರದ ಚಿಂತೆಯಂತೂ ಇಲ್ಲ. ನೋಟ ಮಾತ್ರ ತೊಂಬತ್ತರ ದಶಕದ್ದೇ: ಬೂದು ಬಣ್ಣದ ಕಿಟಕಿ, ಮೆನುವಿನೊಳಗೆ ಮೆನು, ಅದರೊಳಗೆ ಇನ್ನೊಂದು ಮೆನು. ಬಿಂದುಗಳನ್ನೂ ಅವುಗಳನ್ನು ಜೋಡಿಸುವ ಗೆರೆಗಳನ್ನೂ ಕುರಿತ ಗ್ರಾಫ್ ಸಿದ್ಧಾಂತದ ಪರಿಭಾಷೆ ತಿಳಿಯದವರಿಗೆ ಆ ಮೆನುಗಳು ಏನನ್ನೂ ಹೇಳುವುದಿಲ್ಲ, ತಿಳಿದವರಿಗೆ ಬೇರೆ ಕೈಪಿಡಿಯ ಅಗತ್ಯ ಅಷ್ಟಾಗಿ ಬೀಳುವುದಿಲ್ಲ.

ಟಿವ್ ಸಮಾಜದ ರಚನೆಯನ್ನು ಸ್ವಲ್ಪ ವಿವರಿಸದೆ ತಂತ್ರಾಂಶದ ಗುಣದೋಷ ಹೇಳಲು ಬರುವುದಿಲ್ಲ. ಟಿವ್ ಜನರು ಹೆಚ್ಚಾಗಿರುವುದು ಇಂದಿನ ಬೆನ್ಯೂ ರಾಜ್ಯದಲ್ಲಿ. ಅದರ ರಾಜಧಾನಿ ಮಕುರ್ಡಿ, ಟಿವ್ ಸಮುದಾಯದ ಸಾಂಪ್ರದಾಯಿಕ ಕೇಂದ್ರ ಗ್ಬೊಕೊ. ಅಕ್ಕಪಕ್ಕದ ತರಬಾ, ನಸರಾವಾ ರಾಜ್ಯಗಳಲ್ಲೂ, ಗಡಿಯಾಚೆ ಕ್ಯಾಮರೂನಿನಲ್ಲೂ ಅವರಿದ್ದಾರೆ. ಮಾನವಶಾಸ್ತ್ರಜ್ಞರಾದ ಲಾರಾ ಮತ್ತು ಪಾಲ್ ಬೋಹಾನನ್ ದಂಪತಿ 1949ರಿಂದ 1953ರ ನಡುವೆ ಅಲ್ಲಿ ಕ್ಷೇತ್ರಕಾರ್ಯ ನಡೆಸಿದಾಗ ಅವರ ಸಂಖ್ಯೆ ಸುಮಾರು 8 ಲಕ್ಷವಿತ್ತು. ಅಷ್ಟೂ ಜನ ತಮ್ಮ ವಂಶವನ್ನು ಟಿವ್ ಎಂಬ ಒಬ್ಬನೇ ಮೂಲಪುರುಷನವರೆಗೆ ಒಯ್ಯುತ್ತಿದ್ದರು. ಅವನಿಗೆ ಇಚೊಂಗೊ, ಇಪುಸು ಎಂಬ ಇಬ್ಬರು ಮಕ್ಕಳು. ಅಲ್ಲಿಂದ ಮುಂದೆ ಕವಲುಗಳು. ಮೂಲಪುರುಷನಿಂದ ಆಗ ಬದುಕಿದ್ದ ಹಿರಿಯರವರೆಗೆ ಎಣಿಸಿದರೆ ಸುಮಾರು 14ರಿಂದ 17 ತಲೆಮಾರುಗಳಾಗುತ್ತಿದ್ದವು. 1946ರವರೆಗೆ ಟಿವ್‌ಗಳಿಗೆಲ್ಲ ಒಬ್ಬ ದೊರೆ ಎಂಬ ಪದವಿಯೇ ಇರಲಿಲ್ಲ. ತೋರ್ ಟಿವ್ ಎಂಬ ಆ ಸ್ಥಾನವನ್ನು ಸೃಷ್ಟಿಸಿದ್ದು ವಸಾಹತು ಆಡಳಿತ. ಅಲ್ಲಿಯವರೆಗೆ ಯಾರು ಯಾರ ಪರ ನಿಲ್ಲಬೇಕು, ಯಾರ ಹೊಲದ ಅಂಚು ಎಲ್ಲಿಯವರೆಗೆ, ಯಾರ ಮನೆಯ ಹೆಣ್ಣನ್ನು ತರಬಾರದು ಎಂಬ ಪ್ರಶ್ನೆಗಳಿಗೆಲ್ಲ ವಂಶಾವಳಿಯೇ ಉತ್ತರ ಕೊಡಬೇಕಿತ್ತು.

ಗ್ರಾಫ್ ಸಿದ್ಧಾಂತಕ್ಕೆ ಇದಕ್ಕಿಂತ ಒಪ್ಪುವ ವಸ್ತು ಸಿಗುವುದು ಕಷ್ಟ. ಪ್ರತಿ ಪೂರ್ವಜನೂ ಒಂದು ಶೃಂಗ. ತಂದೆಯಿಂದ ಮಗನಿಗೆ ಒಂದು ಬಾಣ. ಪಿತೃವಂಶವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ ಪ್ರತಿ ಶೃಂಗಕ್ಕೂ ಒಳಬರುವ ಬಾಣ ಒಂದೇ, ಬೇರಿಗೆ ಮಾತ್ರ ಸೊನ್ನೆ. ಹೀಗಾಗಿ ಇದು ಬೇರಿರುವ ಮರ. ಬೇರಿನಿಂದ ಯಾವುದೇ ಎಲೆಗೆ, ಅಂದರೆ ಮುಂದೆ ಬಾಣವಿಲ್ಲದ ಶೃಂಗಕ್ಕೆ, ಹೋಗುವ ದಾರಿ ಒಂದೇ ಒಂದು. ಒಬ್ಬ ಪೂರ್ವಜನ ಕೆಳಗಿನ ಉಪಮರವನ್ನು ಕತ್ತರಿಸಿ ತೆಗೆದರೆ ಅದೇ ಅವನ ನೊಂಗೊ, ಅಂದರೆ ಅವನಿಂದ ಇಳಿದ ವಂಶಖಂಡ. ಆ ಖಂಡ ನೆಲೆಸಿರುವ ನೆಲ ಅದರ ತಾರ್. ಪಾಯೆಕ್‌ನಲ್ಲಿ ಇದನ್ನು ಪಡೆಯಲು ಒಂದು ಶೃಂಗವನ್ನು ಆರಿಸಿ, ಕೆ-ನೈಬರ್ಸ್ ಎಂಬ ಆಜ್ಞೆಯನ್ನು ಹೊರಹೋಗುವ ದಿಕ್ಕಿನಲ್ಲಿ ಕೊಟ್ಟರೆ ಸಾಕು. ಆರಿಸಿದವನಿಗೆ 0, ಮಕ್ಕಳಿಗೆ 1, ಮೊಮ್ಮಕ್ಕಳಿಗೆ 2 ಎಂದು ಸಂಖ್ಯೆ ಬೀಳುತ್ತದೆ. ಆ ಖಂಡಕ್ಕೆ ಸೇರದವರಿಗೆಲ್ಲ ತಲುಪಲಾಗದೆಂಬ ಅರ್ಥದ ಒಂದು ಭಾರೀ ಸಂಖ್ಯೆ ಬರುತ್ತದೆ.

ಈ ತಂತ್ರಾಂಶದ ಮೊದಲ ದೊಡ್ಡ ಗುಣವೂ ಇಲ್ಲೇ ಕಾಣುತ್ತದೆ. ಶೃಂಗವೆಂದರೆ ವ್ಯಕ್ತಿಯೇ ಎಂದು ಪಾಯೆಕ್ ಹಟ ಹಿಡಿಯುವುದಿಲ್ಲ. ಟಿವ್ ಊರುಗಳಲ್ಲಿ ವಂಶಖಂಡಗಳ ಹೆಸರು ಸಾಮಾನ್ಯವಾಗಿ ‘ಎಂಬಾ’ ಎಂದು ಆರಂಭವಾಗಿ ಪೂರ್ವಜನ ಹೆಸರಿನಲ್ಲಿ ಮುಗಿಯುತ್ತದೆ. ಮಾತಿನ ನಡುವೆ ಆ ಹೆಸರು ಪೂರ್ವಜನನ್ನು ಸೂಚಿಸುತ್ತಿದೆಯೋ, ಅವನ ಇಂದಿನ ಸಂತತಿಯನ್ನೋ ಎಂದು ಬಿಡಿಸಿ ಹೇಳುವ ಅಗತ್ಯ ಅಲ್ಲಿ ಯಾರಿಗೂ ಬೀಳುವುದಿಲ್ಲ. ಸಾಮಾನ್ಯ ವಂಶವೃಕ್ಷ ತಂತ್ರಾಂಶದಲ್ಲಿ ನೂರಾರು ಜನರ ಗುಂಪಿಗೆ ಹುಟ್ಟಿದ ದಿನಾಂಕ ಕೊಡುವಂತಿಲ್ಲ, ಕೊಡದೆ ಮುಂದೆ ಹೋದರೆ ಅದು ಎಚ್ಚರಿಕೆ ಹಾಕುತ್ತಲೇ ಇರುತ್ತದೆ. ಪಾಯೆಕ್‌ಗಾದರೋ ಶೃಂಗ ಬರೀ ಒಂದು ಸಂಖ್ಯೆ, ಒಂದು ಹೆಸರು. ಅದರ ಶ್ರಿಂಕ್ ನೆಟ್‌ವರ್ಕ್ ಆಜ್ಞೆಯಿಂದ ಇಡೀ ಉಪಮರವನ್ನು ಕುಗ್ಗಿಸಿ ಒಂದೇ ಶೃಂಗ ಮಾಡಬಹುದು. ಮೂರು ತಲೆಮಾರಿನ ಮಟ್ಟದಲ್ಲಿ ಕುಗ್ಗಿಸಿದರೆ ಒಂದು ಚಿತ್ರ, ಆರು ತಲೆಮಾರಿನ ಮಟ್ಟದಲ್ಲಿ ಕುಗ್ಗಿಸಿದರೆ ಇನ್ನೊಂದು. ಟಿವ್ ಹಿರಿಯನೊಬ್ಬ ಹತ್ತಿರದವರೊಡನೆ ಮಾತಾಡುವಾಗ ಸಣ್ಣ ಖಂಡದ ಹೆಸರನ್ನೂ ದೂರದವರೊಡನೆ ಮಾತಾಡುವಾಗ ದೊಡ್ಡ ಖಂಡದ ಹೆಸರನ್ನೂ ಹೇಳಿಕೊಳ್ಳುವ ರೀತಿಗೆ ಇದು ಬಹಳ ಸಮೀಪದ್ದು.

ಮಾನವಶಾಸ್ತ್ರದಲ್ಲಿ ಟಿವ್ ಸಮಾಜ ಹೆಸರಾದದ್ದು ಖಂಡಗಳ ಪರಸ್ಪರ ಎದುರಾಟದ ಕಾರಣದಿಂದ. ಇಬ್ಬರ ನಡುವೆ ಜಗಳ ಬಂದರೆ ಎಷ್ಟು ಜನ ಒಟ್ಟಾಗಬೇಕು ಎಂಬುದನ್ನು ಅವರಿಬ್ಬರ ಅತಿ ಸಮೀಪದ ಸಮಾನ ಪೂರ್ವಜನೇ ನಿರ್ಧರಿಸುತ್ತಾನೆ. ಆ ಪೂರ್ವಜನ ಒಬ್ಬ ಮಗನ ಸಂತತಿ ಒಂದು ಕಡೆ, ಇನ್ನೊಬ್ಬ ಮಗನ ಸಂತತಿ ಇನ್ನೊಂದು ಕಡೆ. ಅವನಿಗಿಂತ ಮೇಲಿನ ಕವಲಿನವರಿಗೆ ಆ ಜಗಳ ಸಂಬಂಧವಿಲ್ಲ. ನಾಳೆ ಮೇಲಿನ ಕವಲಿನೊಡನೆ ತಕರಾರಾದರೆ ನಿನ್ನೆ ಕಾದಾಡಿದ ಎರಡು ಪಂಗಡಗಳೂ ಒಂದಾಗುತ್ತವೆ. ಗ್ರಾಫ್ ಸಿದ್ಧಾಂತದಲ್ಲಿ ಇದು ಮರವೊಂದರಲ್ಲಿ ಎರಡು ಶೃಂಗಗಳ ಅತಿ ಕೆಳಗಿನ ಸಮಾನ ಪೂರ್ವಜನನ್ನು ಹುಡುಕುವ ಹಳೆಯ ಲೆಕ್ಕ.

ವಿಚಿತ್ರವೆಂದರೆ, ಇಷ್ಟು ಮೂಲಭೂತವಾದ ಲೆಕ್ಕಕ್ಕೆ ಪಾಯೆಕ್‌ನಲ್ಲಿ ನೇರ ಗುಂಡಿ ನನ್ನ ಕಣ್ಣಿಗೆ ಬೀಳಲಿಲ್ಲ, ಸುತ್ತುದಾರಿ ಹಿಡಿಯಬೇಕಾಯಿತು. ಮೊದಲ ವ್ಯಕ್ತಿಯಿಂದ ಒಳಬರುವ ದಿಕ್ಕಿನಲ್ಲಿ ಕೆ-ನೈಬರ್ಸ್ ನಡೆಸಿದರೆ ಅವನ ಪೂರ್ವಜರಿಗೆಲ್ಲ ದೂರದ ಸಂಖ್ಯೆ ಸಿಗುತ್ತದೆ. ಎರಡನೆಯವನಿಂದಲೂ ಹಾಗೆಯೇ ಮಾಡಿ, ಶೃಂಗಗಳಿಗೆ ಬಿದ್ದ ಸಂಖ್ಯೆಗಳ ಪಟ್ಟಿಗಳಾದ ಎರಡು ಪಾರ್ಟಿಶನ್‌ಗಳನ್ನು ಕೂಡಿಸಿ, ಅತಿ ಕಡಿಮೆ ಮೊತ್ತ ಬಿದ್ದ ಶೃಂಗವನ್ನು ಆರಿಸಬೇಕು. ಒಬ್ಬನಿಂದ 3 ಹೆಜ್ಜೆ, ಇನ್ನೊಬ್ಬನಿಂದ 3 ಹೆಜ್ಜೆ, ಒಟ್ಟು 6 ಎಂದಾದರೆ ಎದುರು ನಿಲ್ಲುವ ಖಂಡಗಳೆರಡೂ ಮೂರು ತಲೆಮಾರಿನವು. ಒಂದು ಕಡೆ 3, ಇನ್ನೊಂದು ಕಡೆ 2 ಎಂದು ಬಂದರೆ ಕುತೂಹಲ ಹೆಚ್ಚುತ್ತದೆ. ಸಮಬಲದ ಖಂಡಗಳು ವಂಶಾವಳಿಯಲ್ಲೂ ಸಮಸ್ಥಾನದಲ್ಲಿರಬೇಕು ಎಂಬುದು ಟಿವ್ ನಿರೀಕ್ಷೆಯಾದ್ದರಿಂದ, ಈ ಅಸಮತೆ ಬಹುಕಾಲ ಉಳಿಯದಿರುವ ಸಂಭವವೇ ಹೆಚ್ಚು. ಮುಂದೊಂದು ನಿರೂಪಣೆಯಲ್ಲಿ ಒಂದು ಹೆಸರು ಬಿಟ್ಟುಹೋಗಿ ಎರಡೂ ಕಡೆ ಸರಿಸಮವಾಗಿರುತ್ತದೆ. ಅಂಥ ಜಾಗಗಳನ್ನು ಸಂಖ್ಯೆಯಲ್ಲಿ ತೋರಿಸಿಕೊಡುವ ಕಾರಣಕ್ಕಾದರೂ ಸುತ್ತುದಾರಿಯ ಶ್ರಮ ಸಾರ್ಥಕ. ಒಮ್ಮೆ ಮಾಡಿದ್ದನ್ನು ಮ್ಯಾಕ್ರೋ (ಮತ್ತೆ ನಡೆಸಬಹುದಾದ ಆಜ್ಞೆಗಳ ಸರಣಿ) ಆಗಿ ಉಳಿಸಿಕೊಳ್ಳುವ ಸೌಕರ್ಯವೂ ಇದೆ.

ನೆಲದ ವಿಷಯಕ್ಕೆ ಬಂದರೆ ಪಾಯೆಕ್ ನನ್ನ ನಿರೀಕ್ಷೆಯನ್ನೂ ಮೀರಿತು. ಟಿವ್‌ಗಳಲ್ಲಿ ವಂಶದ ಹತ್ತಿರ ಎಂದರೆ ಬಹುಮಟ್ಟಿಗೆ ನೆಲದ ಹತ್ತಿರ: ಅಣ್ಣನ ಖಂಡದ ತಾರ್‌ಗೆ ಒತ್ತಿಕೊಂಡೇ ತಮ್ಮನ ಖಂಡದ ತಾರ್ ಇರುತ್ತದೆ, ಎರಡೂ ಸೇರಿ ತಂದೆಯ ಹೆಸರಿನ ದೊಡ್ಡ ತಾರ್ ಆಗುತ್ತದೆ. ಹೊಲಗಳು ಬೀಳು ಬಿದ್ದು ಹೊಸ ಹೊಲಗಳು ಏಳುವಾಗ ಈ ಇಡೀ ವಿನ್ಯಾಸ ನೆಲದ ಮೇಲೆ ನಿಧಾನವಾಗಿ ಸರಿಯುತ್ತದೆಯೇ ಹೊರತು ಒಳಗಿನ ಸಂಬಂಧ ಅಷ್ಟಾಗಿ ಕದಡುವುದಿಲ್ಲ. ಈ ಮಾತು ಎಷ್ಟರ ಮಟ್ಟಿಗೆ ನಿಜ ಎಂದು ಪರೀಕ್ಷಿಸಲು ಎರಡನೆಯ ಗ್ರಾಫ್ ಒಂದನ್ನು ಕಟ್ಟಬಹುದು: ಅತಿ ಸಣ್ಣ ಖಂಡಗಳೇ ಶೃಂಗಗಳು, ಯಾವ ಎರಡರ ನೆಲ ಒಂದಕ್ಕೊಂದು ತಾಗುತ್ತದೆಯೋ ಅವುಗಳ ನಡುವೆ ಅಂಚು, ಅಂದರೆ ಜೋಡಿಸುವ ಗೆರೆ. ಈಗ ಮೊದಲ ಮರದಿಂದ ಒಂದು ಉಪಮರದ ಎಲೆಗಳನ್ನು ಆರಿಸಿ, ಎರಡನೆಯ ಗ್ರಾಫ್‌ನಿಂದ ಅಷ್ಟನ್ನೇ ಹೊರತೆಗೆದು, ಎಷ್ಟು ಬಿಡಿ ತುಂಡುಗಳಾಗಿವೆ ಎಂದು ಎಣಿಸಿದರಾಯಿತು. ಒಂದೇ ತುಂಡಾದರೆ ಆ ವಂಶಖಂಡ ಒಂದೇ ನೆಲದಲ್ಲಿ ಒಟ್ಟಾಗಿದೆ ಎಂದರ್ಥ. ಎರಡು ಬಂದರೆ ಯಾರೋ ಒಂದು ಕವಲಿನವರು ಎದ್ದು ಬೇರೆಡೆ ಹೋಗಿ ನೆಲೆಸಿದ್ದಾರೆ, ಇಲ್ಲವೇ ಹೊರಗಿನವರು ನಡುವೆ ಬಂದು ಸೇರಿದ್ದಾರೆ. ಉಪಮರ ಆರಿಸುವುದು, ಹೊರತೆಗೆಯುವುದು, ತುಂಡು ಎಣಿಸುವುದು, ಮೂರೂ ಪಾಯೆಕ್‌ನಲ್ಲಿ ಸಿದ್ಧ ಆಜ್ಞೆಗಳೇ. ಪ್ರತಿ ಶೃಂಗದ ಸ್ಥಾನವನ್ನು ನಾವೇ ಕೊಡಲು ಬರುವುದರಿಂದ, ಅಡ್ಡಲಾಗಿ ನೆಲದ ಕ್ರಮವನ್ನೂ ಉದ್ದಕ್ಕೆ ತಲೆಮಾರನ್ನೂ ಇಟ್ಟು ಬರೆದ ಚಿತ್ರದಲ್ಲಿ, ಗೆರೆಗಳು ಒಂದನ್ನೊಂದು ಕತ್ತರಿಸುವ ಕಡೆಗಳೆಲ್ಲ ವಲಸೆಯ ಗುರುತುಗಳಾಗಿ ಎದ್ದು ಕಾಣುತ್ತವೆ.

ಮರ ಮರವಾಗಿ ಉಳಿಯುವುದು ತಾಯಂದಿರನ್ನು ಸೇರಿಸುವವರೆಗೆ ಮಾತ್ರ. ಟಿವ್ ವ್ಯಕ್ತಿಗೆ ತಂದೆಯ ಕಡೆಯ ದಾಯಾದಿ ವರ್ಗ ಇತ್ಯೊ. ತಾಯಿಯ ತವರು ವಂಶ ಇಗ್ಬಾ. ಹಕ್ಕು, ನೆಲ, ಹೊಣೆ ಎಲ್ಲ ಇತ್ಯೊದಿಂದ. ಆದರೆ ಮಾಟದ ಭಯವೂ ಅಲ್ಲಿಂದಲೇ. ದಾಯಾದಿಗಳೊಡನೆ ಕೆಟ್ಟವನು ಆಶ್ರಯ ಹುಡುಕಿಕೊಂಡು ಹೋಗುವುದು ಇಗ್ಬಾದ ಬಳಿಗೆ. ಆದ್ದರಿಂದ ತಾಯಿಯ ಅಂಚುಗಳನ್ನು ಬಿಟ್ಟ ಮಾದರಿ ನೋಡಲು ಅಚ್ಚುಕಟ್ಟಾಗಿದ್ದರೂ ಅರ್ಧ ಸಮಾಜವನ್ನಷ್ಟೇ ಹೇಳುತ್ತದೆ. ಪಾಯೆಕ್ ತಂದೆಯ ಅಂಚುಗಳನ್ನೂ ತಾಯಿಯ ಅಂಚುಗಳನ್ನೂ ಎರಡು ಬೇರೆ ಸಂಬಂಧಗಳಾಗಿ ಒಂದೇ ಜಾಲದಲ್ಲಿ ಇಡಲು ಬಿಡುತ್ತದೆ. ಬೇಕೆಂದಾಗ ಒಂದನ್ನು ಮರೆಮಾಡಬಹುದು. ಎರಡೂ ಸೇರಿದಾಗ ಜಾಲದಲ್ಲಿ ಹಿಂದಿರುಗಿ ಬರುವ ದಾರಿ ಇರುವುದಿಲ್ಲ, ಯಾರೂ ತಮ್ಮ ಪೂರ್ವಜರಿಗೆ ತಾವೇ ಪೂರ್ವಜರಾಗಲಾರರಲ್ಲ. ಆದರೆ ದಿಕ್ಕನ್ನು ಮರೆತು ನೋಡಿದರೆ ಉಂಗುರಗಳು ಕಾಣಿಸಿಕೊಳ್ಳುತ್ತವೆ. ಒಂದು ಕವಲು ಇನ್ನೊಂದರೊಡನೆ ಮದುವೆಯಿಂದ ಬೆಸೆದುಕೊಂಡ ಕಡೆಗಳು ಅವು.

ಇಲ್ಲಿಂದ ಮುಂದಿನದು, ನನ್ನ ಅಭಿಪ್ರಾಯದಲ್ಲಿ, ಪಾಯೆಕ್‌ನ ಅತ್ಯುತ್ತಮ ಭಾಗ. ವಂಶಾವಳಿಯನ್ನು ಬರೆಯಲು ಅದು ಮೂರು ರೂಪಗಳನ್ನು ಕೊಡುತ್ತದೆ. ಮೊದಲನೆಯದು ಮೇಲೆ ಹೇಳಿದ ವ್ಯಕ್ತಿಯೇ ಶೃಂಗವಾದ ರೂಪ. ಎರಡನೆಯದರಲ್ಲಿ ದಂಪತಿಯೇ ಶೃಂಗ. ವ್ಯಕ್ತಿ ಎಂದರೆ ತನ್ನ ಮದುವೆಯಿಂದ ತನ್ನ ತಂದೆತಾಯಿಯರ ಮದುವೆಯತ್ತ ಚಾಚಿದ ಬಾಣ. ಇದನ್ನು ಪಿ-ಗ್ರಾಫ್ ಎನ್ನುತ್ತಾರೆ. ಟಿವ್‌ಗಳ ಹಳೆಯ ವಿನಿಮಯ ಮದುವೆಯನ್ನು ಇದರಲ್ಲಿ ಬರೆದು ನೋಡಬೇಕು. ಒಬ್ಬನು ತನ್ನ ಅಧೀನದಲ್ಲಿರುವ ಹೆಣ್ಣನ್ನು, ಸರಳ ಸಂದರ್ಭದಲ್ಲಿ ತಂಗಿಯನ್ನು, ಇನ್ನೊಬ್ಬನಿಗೆ ಕೊಟ್ಟು ಅವನ ತಂಗಿಯನ್ನು ತಾನು ತರುವ ಪದ್ಧತಿ ಅದು. ಮೊದಲ ಮನೆಯ ದಂಪತಿ ಒಂದು ಶೃಂಗ, ಎರಡನೆಯ ಮನೆಯ ದಂಪತಿ ಇನ್ನೊಂದು. ಮೊದಲ ಮನೆಯ ಮಗ ಮತ್ತು ಎರಡನೆಯ ಮನೆಯ ಮಗಳು ಸೇರಿ ಮೂರನೆಯದು. ಎರಡನೆಯ ಮನೆಯ ಮಗ ಮತ್ತು ಮೊದಲ ಮನೆಯ ಮಗಳು ಸೇರಿ ನಾಲ್ಕನೆಯದು. ಮಗ, ಮಗಳು, ಮಗ, ಮಗಳು ಎಂದು ನಾಲ್ಕು ಬಾಣಗಳು. ನಾಲ್ಕು ಶೃಂಗ, ನಾಲ್ಕು ಅಂಚು, ಒಂದೇ ತುಂಡು; ಅಂಚುಗಳಿಂದ ಶೃಂಗಗಳನ್ನು ಕಳೆದು ತುಂಡುಗಳನ್ನು ಕೂಡಿಸುವ ಸೂತ್ರದಂತೆ ಸ್ವತಂತ್ರ ಉಂಗುರಗಳ ಸಂಖ್ಯೆ ಸರಿಯಾಗಿ 1. ಅಂದರೆ ನೇರ ವಿನಿಮಯ ಮದುವೆ ಪಿ-ಗ್ರಾಫ್‌ನಲ್ಲಿ ನಾಲ್ಕು ಮೂಲೆಯ ಒಂದು ಉಂಗುರವಾಗಿ ಕಣ್ಣಿಗೆ ಬೀಳುತ್ತದೆ. ತಂಗಿಯ ಬದಲು ಚಿಕ್ಕಪ್ಪನ ಮಗಳನ್ನು ಕೊಟ್ಟಿದ್ದರೆ ಉಂಗುರ ಅಜ್ಜನ ಮದುವೆಯವರೆಗೆ ಮೇಲೇರಿ ಹಿಗ್ಗುತ್ತದೆ, ಆದರೆ ಮುಚ್ಚಿಕೊಳ್ಳುತ್ತದೆ.

ಪಾಯೆಕ್‌ನಲ್ಲಿ ಒಂದು ಸಣ್ಣ ಜಾಲವನ್ನು ಮಾದರಿಯಾಗಿ ಕೊಟ್ಟು, ದೊಡ್ಡ ಜಾಲದಲ್ಲಿ ಅದು ಎಲ್ಲೆಲ್ಲಿ ಸಿಗುತ್ತದೆ ಎಂದು ಹುಡುಕಿಸುವ ಫ್ರಾಗ್ಮೆಂಟ್ ಎಂಬ ಆಜ್ಞೆಯಿದೆ. ನಾಲ್ಕು ಮೂಲೆಯ ಉಂಗುರವನ್ನು ಮೊದಲ ಜಾಲವಾಗಿಯೂ ಇಡೀ ವಂಶಾವಳಿಯನ್ನು ಎರಡನೆಯದಾಗಿಯೂ ಕೊಟ್ಟರೆ, ಅದು ವಿನಿಮಯ ಮದುವೆಗಳನ್ನೆಲ್ಲ ಹೆಕ್ಕಿ ಕೊಡುತ್ತದೆ. ಆಮೇಲೆ ಮರದ ಮೇಲ್ಮಟ್ಟದಲ್ಲಿ ಜಾಲವನ್ನು ಕುಗ್ಗಿಸಿ, ಯಾವ ಖಂಡ ಯಾವ ಖಂಡಕ್ಕೆ ಎಷ್ಟು ಹೆಣ್ಣು ಕೊಟ್ಟಿದೆ, ಎಷ್ಟು ತಂದಿದೆ ಎಂಬ ಪಟ್ಟಿ ತಯಾರಿಸಬಹುದು. ಬ್ರಿಟಿಷ್ ಆಡಳಿತ 1927ರಲ್ಲಿ ವಿನಿಮಯ ಮದುವೆಯನ್ನು ನಿಷೇಧಿಸಿ, ಕೆಮ್ ಎಂದು ಕರೆಯುವ ವಧುದಕ್ಷಿಣೆಯ ಮದುವೆಯನ್ನು ಮುಂದೆ ಮಾಡಿತು. ಹೆಣ್ಣಿಗೆ ಹೆಣ್ಣು ಎಂಬ ಸಮತೋಲ ಪದ್ಧತಿಯ ಒಳಗೇ ಇದ್ದದ್ದು, ಸಾಮಗ್ರಿ ಮತ್ತು ಹಣದ ಲೆಕ್ಕಕ್ಕೆ ಬಂದ ಮೇಲೆ ಹಾಗೆ ಉಳಿಯಬೇಕಾದ ಒತ್ತಾಯವಿಲ್ಲ. ಆ ವರ್ಷದ ಹಿಂದಿನ ಮತ್ತು ಮುಂದಿನ ಮದುವೆಗಳನ್ನು ಎರಡು ಜಾಲಗಳಾಗಿ ಬೇರ್ಪಡಿಸಿ ಉಂಗುರಗಳನ್ನು ಎಣಿಸುವುದು, ಸರಿಯಾದ ಮಾಹಿತಿ ಕೈಯಲ್ಲಿರುವವರಿಗೆ ಒಂದು ಮಧ್ಯಾಹ್ನದ ಕೆಲಸ. ಅಷ್ಟು ವಿವರವಾದ ಮಾಹಿತಿ ಕೈಗೆ ಸಿಗುವುದೇ ಅಪರೂಪ ಎಂಬುದು ಬೇರೆ ಮಾತು.

ಬಹುಪತ್ನಿತ್ವ ಸಾಮಾನ್ಯವಾಗಿದ್ದ ಸಮಾಜಕ್ಕೆ ಪಿ-ಗ್ರಾಫ್ ಒಂದು ಕಡೆ ಎಡವುತ್ತದೆ. ಒಬ್ಬನಿಗೆ ಮೂವರು ಹೆಂಡಿರಿದ್ದರೆ ಮೂರು ಮದುವೆಗಳು, ಅಂದರೆ ಮೂರು ಶೃಂಗಗಳು. ಅವನೇ ಮೂರು ಬಾಣಗಳಾಗಿ ಒಡೆದುಹೋಗುತ್ತಾನೆ. ಜಾಲ ನೋಡುವವನಿಗೆ ಇವರು ಒಬ್ಬನ ಮೂರು ಹೆಂಡಿರ ಮಕ್ಕಳೋ, ಮೂವರು ಅಣ್ಣತಮ್ಮಂದಿರ ಮಕ್ಕಳೋ ಎಂದು ತಿಳಿಯುವುದಿಲ್ಲ. ಒಂದೇ ಮನೆಯೊಳಗೆ ತಾಯಿ ಬೇರೆಯಾದ ಮಕ್ಕಳಿಂದಲೇ ಮುಂದೆ ಕವಲು ಒಡೆಯುವುದುಂಟಾದ್ದರಿಂದ ಈ ಗೊಂದಲವನ್ನು ಸಣ್ಣದೆಂದು ತಳ್ಳಿಹಾಕಲಾಗದು. ಇದಕ್ಕೆ ಮದ್ದು ಮೂರನೆಯ ರೂಪ, ಇಬ್ಭಾಗ ಪಿ-ಗ್ರಾಫ್: ದಂಪತಿಗಳಿಗೂ ಶೃಂಗ, ವ್ಯಕ್ತಿಗಳಿಗೂ ಶೃಂಗ, ಎರಡಕ್ಕೂ ಬೇರೆ ಆಕಾರ. ಜಾಲದ ಗಾತ್ರ ಹೆಚ್ಚುತ್ತದೆ, ಮೇಲೆ ಹೇಳಿದ ಉಂಗುರದ ಮೂಲೆಗಳೂ ನಾಲ್ಕರಿಂದ ಎಂಟಾಗುತ್ತವೆ, ಚಿತ್ರ ಗಿಜಿಗುಡುತ್ತದೆ. ಆದರೆ ಮಲಸಹೋದರರು ಮಲಸಹೋದರರಾಗಿಯೇ ಕಾಣುತ್ತಾರೆ. ಟಿವ್ ಮಾಹಿತಿಗೆ ನಾನು ಸೂಚಿಸುವುದು ಇದನ್ನೇ.

ಇಷ್ಟೆಲ್ಲ ಗುಣಗಳನ್ನು ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಯಾವ ಮರವನ್ನು ತುಂಬಬೇಕು? ಬ್ರಿಟಿಷ್ ಅಧಿಕಾರಿಗಳು ಆರಂಭದ ದಿನಗಳಲ್ಲಿ, ನ್ಯಾಯತೀರ್ಮಾನಕ್ಕೆ ಒದಗಲಿ ಎಂದು ಟಿವ್ ವಂಶಾವಳಿಗಳನ್ನು ಬರೆದಿಟ್ಟರು. ಸುಮಾರು ನಲವತ್ತು ವರ್ಷಗಳ ಬಳಿಕ ಬೋಹಾನನ್ ದಂಪತಿ ಅಲ್ಲಿಗೆ ಹೋದಾಗ ಅಧಿಕಾರಿಗಳು ಅದೇ ಕಾಗದಗಳನ್ನು ಆಧಾರವಾಗಿ ಹಿಡಿದಿದ್ದರು, ಟಿವ್ ಹಿರಿಯರು ಅವು ತಪ್ಪು ಎನ್ನುತ್ತಿದ್ದರು. ಲಾರಾ ಬೋಹಾನನ್ 1952ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳು ಇದೇ: ಟಿವ್ ವಂಶಾವಳಿ ಹಿಂದೆ ನಡೆದುದರ ಪಟ್ಟಿಯಲ್ಲ, ಇಂದಿನ ಸಂಬಂಧಗಳಿಗೆ ಕೊಟ್ಟ ಸನದು. ಸಂಬಂಧ ಬದಲಾದಂತೆ ಸನದೂ ತಿದ್ದುಪಡಿಯಾಗುತ್ತದೆ, ಮತ್ತು ತಿದ್ದಿದೆವೆಂದು ಯಾರಿಗೂ ಅನ್ನಿಸುವುದಿಲ್ಲ. ಜಿರ್ ಎಂಬ ಪಂಚಾಯಿತಿಯಲ್ಲಿ ಹಿರಿಯರು ವಾದಿಸಿ ಒಪ್ಪಿಕೊಂಡದ್ದೇ ಮುಂದಿನ ಸಲದವರೆಗೆ ಸರಿಯಾದ ವಂಶಾವಳಿ. ಜನ ಹುಟ್ಟುತ್ತ ಹೋದರೂ ತಲೆಮಾರುಗಳ ಎಣಿಕೆ ಹೆಚ್ಚಾಗದೆ ಹೆಚ್ಚುಕಡಿಮೆ ಅಲ್ಲೇ ನಿಲ್ಲುವುದಕ್ಕೂ ಇದೇ ಕಾರಣ: ನಡುವಿನ ಹೆಸರುಗಳು ಒಂದರಲ್ಲೊಂದು ಸೇರಿಹೋಗುತ್ತವೆ.

ಒಂದೇ ಮರವನ್ನು ಉಳಿಸಿ ಮಿಕ್ಕದ್ದನ್ನು ಅಳಿಸುವ ತಂತ್ರಾಂಶ ಇಲ್ಲಿ ಆ ಅಧಿಕಾರಿಗಳ ಕಾಗದದ ಕೆಲಸವನ್ನೇ ಮಾಡುತ್ತದೆ. ಪಾಯೆಕ್‌ನ ಕಾಲಸೂಚಿಯಿಂದ ಇದನ್ನು ತಪ್ಪಿಸಬಹುದು. ಪ್ರತಿ ಶೃಂಗಕ್ಕೂ ಪ್ರತಿ ಅಂಚಿಗೂ ಚೌಕಾವರಣದಲ್ಲಿ ಕಾಲದ ಅವಧಿ ಬರೆಯುವ ಅವಕಾಶ ಅದರಲ್ಲಿದೆ. ಆಮೇಲೆ ಬೇಕಾದ ಕಾಲಬಿಂದುವಿನ ಜಾಲವನ್ನಷ್ಟೇ ಹುಟ್ಟಿಸಬಹುದು. ಆ ಜಾಗದಲ್ಲಿ ಜನನ ಮರಣದ ವರ್ಷ ಹಾಕಬೇಕೆಂಬ ಕಟ್ಟಳೆಯಿಲ್ಲ. ನಾನು ಹಾಕಿದ್ದು ನಿರೂಪಣೆಯ ಕ್ರಮಸಂಖ್ಯೆ. ಒಂದನೆಯ ನಿರೂಪಣೆಯಲ್ಲಿ ‘ಅ’ ಮತ್ತು ‘ಆ’ ಅಣ್ಣತಮ್ಮಂದಿರು. ಎರಡನೆಯದರಲ್ಲಿ ‘ಆ’ ಎಂಬುವನು ‘ಅ’ನ ಮಗ. ಶೃಂಗಗಳೆರಡಕ್ಕೂ 1ರಿಂದ 2ರ ಅವಧಿ; ತಂದೆಯಿಂದ ‘ಆ’ಗೆ ಹೋಗುವ ಅಂಚಿಗೆ 1, ‘ಅ’ನಿಂದ ‘ಆ’ಗೆ ಹೋಗುವ ಅಂಚಿಗೆ 2. ಈಗ ಎರಡೂ ಮರಗಳು ಒಂದೇ ಕಡತದಲ್ಲಿ ಜಗಳವಿಲ್ಲದೆ ಇರುತ್ತವೆ. ಪ್ರತಿಯೊಂದಕ್ಕೂ ಆಳದ ಪಾರ್ಟಿಶನ್ ತೆಗೆದು ಹೋಲಿಸಿದರೆ, ಯಾರ ಸ್ಥಾನ ಒಂದು ಮಟ್ಟ ಕೆಳಗಿಳಿಯಿತು, ಅದರ ಜೊತೆಗೆ ಇಡೀ ಉಪಮರದ ಎಷ್ಟು ಮನೆಗಳು ಕೆಳಗಿಳಿದವು ಎಂಬುದು ಸಂಖ್ಯೆಯಲ್ಲಿ ಸಿಗುತ್ತದೆ. ಒಂದು ಅಂಚು ಮೇಲ್ಮಟ್ಟದಲ್ಲಿ ಸರಿದರೆ ಸಾವಿರ ಜನರ ಸಮಾನ ಪೂರ್ವಜ ಬದಲಾಗುತ್ತಾನೆ. ಎಲೆಯ ಹತ್ತಿರ ಸರಿದರೆ ಒಂದು ಯಾ, ಅಂದರೆ ಒಂದು ಮನೆಯಂಗಳ, ಮಾತ್ರ. ಯಾವ ಬದಲಾವಣೆಗೆ ಎಷ್ಟು ಜನ ಪಂಚಾಯಿತಿಗೆ ಬರುತ್ತಾರೆ ಎಂಬುದನ್ನು ಹೀಗೆ ಅಂದಾಜು ಮಾಡಬಹುದೆಂದು ನನಗೆ ತೋರುತ್ತದೆ. ತಯಾರಕರು ಈ ಬಳಕೆಯನ್ನು ಉದ್ದೇಶಿಸಿದ್ದರೋ ಇಲ್ಲವೋ, ತಂತ್ರಾಂಶವಂತೂ ಅಡ್ಡಿ ಮಾಡಲಿಲ್ಲ.

ಅಡ್ಡಿಗಳಿರುವುದು ಬೇರೆ ಕಡೆ. ಯಾರು ಹೇಳಿದರು, ಎಲ್ಲಿ, ಯಾರ ಎದುರಿಗೆ, ಯಾವ ವ್ಯಾಜ್ಯದ ಸಂದರ್ಭದಲ್ಲಿ ಎಂಬ ಟಿಪ್ಪಣಿಗೆ ಪಾಯೆಕ್‌ನಲ್ಲಿ ಜಾಗವೇ ಇಲ್ಲ. ಶೃಂಗಕ್ಕೆ ಹೆಸರು ಮತ್ತು ಸಂಖ್ಯೆಗಳನ್ನು ಮಾತ್ರ ಅಂಟಿಸಬಹುದು. ಟಿವ್ ವಂಶಾವಳಿಯಲ್ಲಿ ಹೇಳಿದವನು ಯಾರೆಂಬುದು ಹೇಳಿದ ವಿಷಯದಷ್ಟೇ ಮುಖ್ಯವಾದ್ದರಿಂದ ಈ ಕೊರತೆ ಸಣ್ಣದಲ್ಲ. ಪಕ್ಕದಲ್ಲೊಂದು ಕೋಷ್ಟಕ ಇಟ್ಟುಕೊಂಡು ನಿರೂಪಣೆಯ ಸಂಖ್ಯೆಯ ಮೂಲಕ ಜೋಡಿಸಿಕೊಳ್ಳಲೇಬೇಕು. ಪ್ರತಿ ಕ್ರಿಯೆಯೂ ಹೊಸ ಜಾಲವನ್ನೋ ಹೊಸ ಪಾರ್ಟಿಶನ್ನನ್ನೋ ಹುಟ್ಟಿಸಿ ಪಟ್ಟಿಗೆ ಸೇರಿಸುತ್ತದೆ. ಹಳೆಯದು ಅಳಿಯುವುದಿಲ್ಲವೆಂಬುದು ಒಳ್ಳೆಯದೇ ಆದರೂ, ಅರ್ಧ ಗಂಟೆಯಲ್ಲಿ ಪಟ್ಟಿ ಉದ್ದವಾಗಿ ಯಾವುದು ಯಾವುದೆಂದು ಮರೆತುಹೋಗುವುದರಿಂದ ಆಗಾಗ ಹೆಸರು ಬದಲಿಸಿ ಉಳಿಸಿಕೊಳ್ಳುವುದು ಲೇಸು. ಚಿತ್ರ ಬಿಡಿಸುವ ಸಿದ್ಧ ವಿಧಾನಗಳು, ವಿಶೇಷವಾಗಿ ಶೃಂಗಗಳು ಒಂದನ್ನೊಂದು ಎಳೆದು ತಳ್ಳುವ ಬಗೆಯವು, ವಂಶಾವಳಿಗೆ ಹೊಂದುವುದಿಲ್ಲ; ಬೇರು ಎಲ್ಲೋ ನಡುವೆ ಹೋಗಿ ಕುಳಿತುಬಿಡುತ್ತದೆ. ಪದರಪದರವಾಗಿ ಇಡುವ ಲೇಯರ್ಸ್ ವಿಧಾನವನ್ನೇ ಆರಿಸಿ, ಅಕ್ಕಪಕ್ಕದ ಕ್ರಮವನ್ನು ಕೈಯಿಂದ ತಿದ್ದಬೇಕು.

ಬಳಸುವವರು ಗಮನಿಸಬೇಕಾದ ಇನ್ನೊಂದು ವಿಷಯ ತಂತ್ರಾಂಶಕ್ಕಿಂತ ಅದರಿಂದ ಹೊರಬರುವ ಕಡತದ್ದು. ವಂಶಾವಳಿ ನೆಲದ ಹಕ್ಕಿನ ಮಾತಾಗಿರುವ ಕಡೆ, ಅಂದವಾಗಿ ಮುದ್ರಿಸಿದ ಒಂದು ಮರ ತಾನಾಗಿಯೇ ಒಂದು ಪಕ್ಷ ವಹಿಸುತ್ತದೆ. ಒಂದು ಖಂಡವನ್ನು ಇನ್ನೊಂದರ ಮಗನ ಸ್ಥಾನಕ್ಕೆ ಇಳಿಸಿದ ಚಿತ್ರವನ್ನು ಯಾರಾದರೂ ವ್ಯಾಜ್ಯಕ್ಕೆ ಒಯ್ದರೆ, ಅದನ್ನು ತಯಾರಿಸಿದವನು ಅಲ್ಲಿ ಇಲ್ಲದಿದ್ದರೂ ಸಾಕ್ಷಿ ಹೇಳಿದಂತೆಯೇ ಆಯಿತು. ಬದುಕಿರುವವರ ಹೆಸರುಗಳನ್ನು ತೆಗೆದು ಸಂಖ್ಯೆಗಳನ್ನಷ್ಟೇ ಉಳಿಸುವುದು ಪಾಯೆಕ್‌ನಲ್ಲಿ ಸುಲಭ, ಏಕೆಂದರೆ ಕಡತ ಬರೀ ಸಾದಾ ಪಠ್ಯ: ಮೊದಲು ಶೃಂಗಗಳ ಪಟ್ಟಿ, ಆಮೇಲೆ ಬಾಣಗಳ ಪಟ್ಟಿ. ಪ್ರಕಟಿಸುವುದಾದರೆ ಒಂದಕ್ಕಿಂತ ಹೆಚ್ಚು ನಿರೂಪಣೆಗಳನ್ನು ಒಟ್ಟಿಗೇ ಪ್ರಕಟಿಸುವುದು ನ್ಯಾಯ.

ಪರ್ಯಾಯಗಳ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರಿಗೆ ನೆಟ್‌ವರ್ಕ್‌ಎಕ್ಸ್ ಎಂಬ ಸಿದ್ಧ ಕೋಡ್‌ಗಳ ಸಂಗ್ರಹ ಇನ್ನಷ್ಟು ಅನುಕೂಲ; ಸಮಾನ ಪೂರ್ವಜನನ್ನು ಹುಡುಕುವ ಕ್ರಿಯೆ ಅದರಲ್ಲಿ ಸಿದ್ಧವಾಗಿದೆ, ಶೃಂಗಕ್ಕೆ ಎಷ್ಟು ಟಿಪ್ಪಣಿ ಬೇಕಾದರೂ ಅಂಟಿಸಬಹುದು. ಬಂಧುತ್ವದ ಅಧ್ಯಯನಕ್ಕೆಂದೇ ಬಂದಿರುವ ಪಕ್ ಎಂಬ ತಂತ್ರಾಂಶ ಮದುವೆಯ ಉಂಗುರಗಳನ್ನು ಹುಡುಕಿ ವರ್ಗೀಕರಿಸುವುದರಲ್ಲಿ ಪಾಯೆಕ್‌ಗಿಂತ ನೇರ. ಆದರೆ ಅದು ವ್ಯಕ್ತಿಗಳಿಂದ ಆರಂಭಿಸುತ್ತದೆ, ಖಂಡಗಳಿಂದ ಅಲ್ಲ. ಒಂದು ಸಾಲೂ ಕೋಡ್ ಬರೆಯದೆ, ಖಂಡವನ್ನೇ ಶೃಂಗವಾಗಿಟ್ಟುಕೊಂಡು, ನಾಲ್ಕಾರು ನಿರೂಪಣೆಗಳನ್ನು ಎದುರುಬದುರಾಗಿಟ್ಟು ನೋಡಬೇಕೆನ್ನುವ ಮಾನವಶಾಸ್ತ್ರದ ವಿದ್ಯಾರ್ಥಿಗೆ ನಾನು ಹೇಳುವುದು ಪಾಯೆಕ್‌ನ ಹೆಸರನ್ನೇ, ಹೇಳಿಕೆದಾರರ ವಿವರಕ್ಕೆ ಪಕ್ಕದಲ್ಲೊಂದು ಕೋಷ್ಟಕ ತಪ್ಪದೆ ಇರಬೇಕೆಂಬ ಷರತ್ತಿನೊಡನೆ.